ಉಗುರುಬೆಚ್ಚಗೆ

ಐಸಿನ ವಿಷಯದಲ್ಲಿ ನನ್ನ ಅಮ್ಮನಿಗೆ ಬುದ್ಧಿ ಹೇಳುವವರು ಮಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಅಮ್ಮನ ಹೆಸರು ವಾರಿಜಾಕ್ಷಿ. ಮೂವತ್ತೆಂಟು ವರ್ಷಗಳಿಂದ ಬಿಜೈ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ಬೆಳಿಗ್ಗೆ ಬಂದರಿನ ದಕ್ಕೆಗೆ ಹೋಗಿ ಬೋಟಿನಿಂದ ಇಳಿದ ಬಂಗುಡೆ, ಬೂತಾಯಿ ತಂದು ಹರಡಿ ಕುಳಿತರೆ ಮಧ್ಯಾಹ್ನದ ತನಕ ಅವಳ ಕೈ ಐಸಿನೊಳಗೇ ಇರುತ್ತದೆ. ಆದ್ದರಿಂದ ನನ್ನ ಮಗಳ ಹೊಸ ಮದ್ದನ್ನು ತಣ್ಣಗೆ ಇಡಬೇಕು ಎಂದು ಡಾಕ್ಟರು ಹೇಳಿದಾಗ ನನಗೆ ಆ ಒಂದು ವಿಷಯದಲ್ಲಿ ಮಾತ್ರ ಏನೂ ಹೆದರಿಕೆಯಾಗಲಿಲ್ಲ.

ನಾನು ದೀಕ್ಷಿತಾ, ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಂಡ ಯತಿನ್ ಹೇಳುತ್ತಾನೆ. ಅವನಿಗೇನು, ಆಳಸಮುದ್ರದ ಬೋಟು ಹತ್ತಿ ಹತ್ತು ದಿನಕ್ಕೆ ಹೋದನೆಂದರೆ ಅವನಿಗೆ ನನ್ನ ಸಿಟ್ಟೂ ಮುಟ್ಟುವುದಿಲ್ಲ, ಫೋನೂ ಮುಟ್ಟುವುದಿಲ್ಲ. ಮಗಳು ಧನ್ವಿ ಕೂಳೂರಿನಲ್ಲಿ, ಸೇತುವೆಯಿಂದ ಇಳಿದು ಹೊಳೆಯ ಬದಿಗಿರುವ ನಮ್ಮ ಮನೆಯಲ್ಲಿ ಅಜ್ಜಿಯ ಜೊತೆ ಬೆಳೆಯುತ್ತಿದ್ದಾಳೆ. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೂ ನಡೆದದ್ದು ನಡೆದ ಹಾಗೆಯೇ ಉಂಟು.

ಧನ್ವಿಗೆ ಎಂಟು ವರ್ಷವಾಗಿದ್ದಾಗ ಮೊದಲ ಸಲ ರಕ್ತ ಹೋಯಿತು. ಮೂಲವ್ಯಾಧಿ ಎಂದರು, ಉಷ್ಣ ಎಂದರು, ಎಳನೀರು ಕುಡಿಸಿದರು. ಮಗು ಕಡ್ಡಿಯಾದ ಮೇಲೆ ಅತ್ತಾವರದ ಆಸ್ಪತ್ರೆಯಲ್ಲಿ ಡಾಕ್ಟರ್ ಸುಹೈಲಾ ಕೊಳವೆ ಹಾಕಿ ನೋಡಿ ಹೇಳಿದರು: ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಮೈ ತನ್ನಷ್ಟಕ್ಕೇ ಕೆರಳಿ ಹುಣ್ಣಾಗುವ ಕಾಯಿಲೆ. ಮಾತ್ರೆಗೆ ಸುಮ್ಮನಾಗುತ್ತದೆ, ಆದರೆ ಬಿಟ್ಟುಹೋಗುವುದಿಲ್ಲ, ಯಾವಾಗ ಬೇಕಾದರೂ ಮತ್ತೆ ಕೆರಳಬಹುದು. ನಾನು ಇಂತಹ ಎಷ್ಟೋ ರೋಗಿಗಳ ಹಾಸಿಗೆ ಬದಲಾಯಿಸಿದವಳು. ಆದರೆ ಆ ಹೆಸರು ನನ್ನ ಮಗಳ ಹೆಸರಿನ ಪಕ್ಕದಲ್ಲಿ ಕಂಡಾಗ, ಮಸ್ಕತ್ತಿನ ನನ್ನ ಆಸ್ಪತ್ರೆಯ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ.

ಆ ಸಲ ಇಪ್ಪತ್ತೇಳು ದಿನದ ರಜೆ ಹಾಕಿ ಬಂದೆ. ಸ್ಟೀರಾಯ್ಡಿಗೆ ಧನ್ವಿಯ ಮುಖ ಬೋಂಡದ ಹಾಗೆ ಉಬ್ಬಿತ್ತು, ಆದರೂ ಅವಳು ನನ್ನ ಬೆನ್ನು ಬಿಡದೆ ಖುಷಿಯಲ್ಲಿದ್ದಳು. ಎರಡನೇ ಸಲ ಕೆರಳಿದಾಗ ಹದಿನೆಂಟು ದಿನ ಬಂದೆ. ನಡುವೆ ಅವಳ ಹುಟ್ಟುಹಬ್ಬ ಬಂತು, ಅಷ್ಟಮಿ ಬಂತು, ಶಾಲೆಯ ಡ್ಯಾನ್ಸ್ ಬಂತು. ಯಾವುದಕ್ಕೂ ನಾನು ಬರಲಿಲ್ಲ. ಕೆರಳಿದರೆ ಬೇಕಾಗುತ್ತದೆ ಎಂದು ರಜೆಯನ್ನು ಎತ್ತಿಡುತ್ತಿದ್ದೆ. ಬುದ್ಧಿವಂತಿಕೆ ಅಂದುಕೊಂಡಿದ್ದೆ.

ಹೊಸ ಮದ್ದಿನ ಮಾತು ಬಂದದ್ದು ಕಳೆದ ಜೂನಿನಲ್ಲಿ, ಎರಡನೇ ಸಲದ ಗಲಾಟೆ ಸುಮ್ಮನಾದ ಮೇಲೆ. ಡಾಕ್ಟರ್ ಸುಹೈಲಾ ತಮ್ಮ ಮೇಜಿನ ಮೇಲೆ ಅಮ್ಮನ ಫೋನನ್ನು ಒರಗಿಸಿಟ್ಟಿದ್ದರು. ನಾನು ಮಸ್ಕತ್ತಿನಿಂದ ಅದರೊಳಗೆ ಕುಳಿತು ಕೇಳುತ್ತಿದ್ದೆ.

“ಇದು ಪ್ರೊಬಯಾಟಿಕ್. ಪುಡಿ. ಇದರಲ್ಲಿ ಕೋಟಿಗಟ್ಟಲೆ ಒಳ್ಳೆಯ ಬ್ಯಾಕ್ಟೀರಿಯಾ ಉಂಟು, ಜೀವ ಇರುವಂಥದ್ದು,” ಎಂದರು ಡಾಕ್ಟರು. “ಮಾತ್ರೆ ನಿಲ್ಲಿಸ್ಲಿಕ್ಕೆ ಇಲ್ಲ. ಮಾತ್ರೆಯ ಜೊತೆಗೆ ಇದು. ಕೆಲವು ಮಕ್ಕಳಿಗೆ ಕಾಯಿಲೆ ಸುಮ್ಮನೆ ಇರುವ ಸಮಯ ಸ್ವಲ್ಪ ಉದ್ದ ಆಗ್ತದೆ. ಎಲ್ಲರಿಗೂ ಅಲ್ಲ. ನೋಡುವ.”

ಅಮ್ಮ ಕಣ್ಣು ಸಣ್ಣದು ಮಾಡಿದಳು. “ಎಂತ ಡಾಕ್ಟ್ರೇ, ನಮ್ಮ ಕಾಲದಲ್ಲಿ ಮಕ್ಕಳ ಹೊಟ್ಟೆಯಲ್ಲಿ ಹುಳ ಉಂಟು ಅಂತ ಮದ್ದು ಕೊಟ್ಟು ತೆಗೀತಿದ್ದೆವು. ಈಗ ಮದ್ದು ಅಂತ ಹುಳವನ್ನೇ ಹಾಕುದಾ?”

“ಆ ಹುಳ ಅಲ್ಲ ಅಮ್ಮಾ. ಇದು ಕಣ್ಣಿಗೆ ಕಾಣುದಿಲ್ಲ. ಮೊಸರಲ್ಲಿ ಇರ್ತದಲ್ಲ, ಆ ಜಾತಿಯದ್ದು. ಫ್ರಿಜ್ಜಲ್ಲಿ ಇಡ್ಬೇಕು.”

“ತಂಡಿಗೆ ಸಾಯುದಿಲ್ವಾ?”

“ಇಲ್ಲ, ನಿದ್ದೆ ಮಾಡ್ತವೆ. ಬಿಸಿಗೆ ಸಾಯ್ತವೆ.”

ಅಮ್ಮನಿಗೆ ಇದು ಬಹಳ ಹಿಡಿಸಿತು. ಜೀವಮಾನವಿಡೀ ಸತ್ತದ್ದನ್ನು ಐಸಿನಲ್ಲಿ ಇಟ್ಟವಳಿಗೆ ಈಗ ಬದುಕಿದ್ದನ್ನು ಇಡುವ ಕೆಲಸ ಸಿಕ್ಕಿತ್ತು. ಮೆಡಿಕಲ್ಲಿನಿಂದ ಪ್ಯಾಕೆಟ್ಟುಗಳನ್ನು ತರಲು ಅವಳು ಮೀನಿನ ಥರ್ಮಾಕೋಲ್ ಪೆಟ್ಟಿಗೆಯನ್ನೇ ಸೋಪು ಹಾಕಿ ತೊಳೆದು ಕೊಂಡುಹೋದಳಂತೆ. ಅತ್ತಾವರದಿಂದ ಕೂಳೂರಿಗೆ ಬರುವ ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡು, “ಎಂತ ಮೀನು ಅಜ್ಜಿ?” ಎಂದು ಕೇಳಿದರಂತೆ. “ಇದು ನನ್ನ ಪುಳ್ಳಿಯ ಹೊಟ್ಟೆಗೆ ಹೋಗುವ ಜೀವ, ಮಾರ್ಲಿಕ್ಕೆ ಇಲ್ಲ,” ಎಂದಳಂತೆ ಅಮ್ಮ. ಪುಳ್ಳಿ ಎಂದರೆ ಮೊಮ್ಮಗಳು.

ಹೇಗೆ ಕೊಡಬೇಕು ಎಂದು ನಾನೇ ಫೋನಿನಲ್ಲಿ ಹೇಳಿಕೊಟ್ಟೆ. “ನೀರಲ್ಲಿ ಕಲಸಿ ಕೊಡಮ್ಮ. ತಣ್ಣಗೆ ಇರ್ಲಿ, ಇಲ್ಲದಿದ್ರೆ ಉಗುರುಬೆಚ್ಚಗೆ ಇದ್ರೂ ಆಗ್ತದೆ. ಬಿಸಿ ಮಾತ್ರ ಬೇಡ.”

“ತಣ್ಣೀರು ಈ ಮಗುವಿನ ಹೊಟ್ಟೆಗೆ ಯಾಕೆ? ಗಂಜಿಯ ತೆಳಿಯಲ್ಲಿ ಕೊಡ್ತೇನೆ, ಉಗುರುಬೆಚ್ಚಗೆ ಮಾಡಿ.”

ಕುಚ್ಚಲಕ್ಕಿ ಗಂಜಿಯ ಮೇಲಿನ ತಿಳಿನೀರನ್ನು ನಾವು ತೆಳಿ ಎನ್ನುತ್ತೇವೆ. ಹೊಟ್ಟೆ ಕೆಟ್ಟವರಿಗೆ ನಮ್ಮಲ್ಲಿ ಮೊದಲ ಮದ್ದು ಅದೇ. ನಾನು ಆಗಲಿ ಎಂದೆ. ಮರುದಿನ ವೀಡಿಯೋದಲ್ಲಿ ನೋಡಿದೆ. ಅಮ್ಮ ಲೋಟದೊಳಗೆ ತೋರುಬೆರಳಿನ ಉಗುರು ಅದ್ದಿ, ಒಂದು ಕ್ಷಣ ಹಿಡಿದು, “ಸರಿ ಉಂಟು,” ಎಂದು ಪುಡಿ ಸುರಿದಳು. ಧನ್ವಿ ಅದನ್ನು ಊದಿ ಊದಿ ಕುಡಿದಳು. ನನಗೆ ಇಬ್ಬರ ಮೇಲೂ ಮುದ್ದು ಬಂತು. ಫೋನಿನ ಆ ಗಾಜಿನ ಮೇಲೆ ಬೆರಳಿಟ್ಟು ಮಗಳ ಕೆನ್ನೆ ಸವರಿದೆ, ಎಷ್ಟೋ ಸಲ ಆದ ಹಾಗೆ ಬೆರಳು ಎಲ್ಲೋ ತಾಗಿ ಕಾಲ್ ಕಟ್ಟಾಗಿ ಹೋಯಿತು.

ಐದು ತಿಂಗಳು ಒಳ್ಳೆಯದಾಗಿತ್ತು. ಧನ್ವಿ ಸಂಜೆ ಶಾಲೆಯಿಂದ ಬಂದ ಕೂಡಲೇ ಫೋನ್ ಮಾಡುತ್ತಿದ್ದಳು. ಮಸ್ಕತ್ತಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. “ಮಮ್ಮಿ, ನಿನ್ನ ಊರಲ್ಲಿ ಇನ್ನೂ ನನ್ನ ಶಾಲೆ ಬಿಡ್ಲಿಲ್ಲ,” ಎಂದು ನಗುತ್ತಿದ್ದಳು. ನಾನು ಬಿಟ್ಟುಬಂದ ನೈಟಿಯನ್ನು ತಲೆದಿಂಬಿಗೆ ಹಾಕಿ ಮಲಗುತ್ತಾಳೆ, ಒಗೆಯಲು ಕೊಡುವುದಿಲ್ಲ ಎಂದು ಅಮ್ಮ ದೂರು ಹೇಳುತ್ತಿದ್ದಳು. ಯಾವಾಗ ಬರುತ್ತೀ ಎಂದು ಧನ್ವಿ ಕೇಳುತ್ತಿದ್ದಳು. ನೀನು ಹುಷಾರಿದ್ದೀಯಲ್ಲ ಬಂಗಾರ, ಈಗೆಂತಕ್ಕೆ, ಎಂದು ನಾನು ಹೇಳುತ್ತಿದ್ದೆ. ಈ ಮಾತನ್ನು ನೆನೆದರೆ ಈಗಲೂ ನನ್ನ ಬಾಯಿಗೆ ಎರಡು ಬಾರಿಸಬೇಕೆನಿಸುತ್ತದೆ.

ನವೆಂಬರಿನಲ್ಲಿ ಮತ್ತೆ ರಕ್ತ. ದಿನಕ್ಕೆ ಏಳೆಂಟು ಸಲ ಕಕ್ಕಸಿಗೆ ಓಡುತ್ತಿದ್ದಾಳೆ ಎಂದು ಅಮ್ಮ ಹೇಳಿದಾಗ ಕೈಯಲ್ಲಿದ್ದ ಟ್ರೇ ಅಲ್ಲೇ ಇಟ್ಟು ರಜೆ ಕೇಳಲು ಓಡಿದೆ. ಬಜಪೆಯ ವಿಮಾನ ನಿಲ್ದಾಣದಲ್ಲಿ ಧನ್ವಿ ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು. ಮುಖ ಸುಣ್ಣದ ಹಾಗೆ ಬೆಳ್ಳಗಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಆದರೆ ನನ್ನನ್ನು ಕಂಡು ನಕ್ಕ ಆ ನಗುವಿನಲ್ಲಿ ಕಾಯಿಲೆ ಎಲ್ಲೂ ಇರಲಿಲ್ಲ. ಅವಳನ್ನು ಎತ್ತಿಕೊಂಡೆ. ಹತ್ತು ವರ್ಷದ ಹುಡುಗಿ ಅಷ್ಟು ಹಗುರ ಇರಬಾರದು.

ಮರುದಿನ ಬೆಳಿಗ್ಗೆ ಅಮ್ಮ ತೆಳಿಯ ಲೋಟಕ್ಕೆ ಉಗುರು ಅದ್ದಿ, “ಸರಿ ಉಂಟು,” ಎಂದು ಪುಡಿ ಸುರಿದು ಕಲಸಿದಳು. ನಾನೇ ಕುಡಿಸುತ್ತೇನೆ ಎಂದು ಲೋಟ ತೆಗೆದುಕೊಂಡೆ. ಬೆರಳು ಚುರುಕ್ ಎಂದಿತು. ನಂಬಿಕೆಯಾಗದೆ ತುಟಿಗೆ ಇಟ್ಟೆ. ತುಟಿ ಸುಟ್ಟಿತು.

“ಅಮ್ಮಾ, ಇದು ಉಗುರುಬೆಚ್ಚಗಾ?”

“ಮತ್ತೆಂತ? ಈಗ ಉಗುರು ಇಟ್ಟು ನೋಡಿದೆನಲ್ಲ. ಬಿಸಿಯೇ ಇಲ್ಲ.”

ಅವಳು ಮತ್ತೊಮ್ಮೆ ಇಟ್ಟಳು. ಬೆರಳಿನ ಮೊದಲ ಗೆಣ್ಣಿನ ತನಕ ಮುಳುಗಿಸಿ, ನೆಮ್ಮದಿಯಿಂದ ನನ್ನ ಮುಖ ನೋಡುತ್ತಾ ನಿಂತಳು. ಆಗ ನನಗೆ ಅರ್ಥವಾಯಿತು. ಮೂವತ್ತೆಂಟು ವರ್ಷ ಐಸಿನಲ್ಲಿದ್ದ ಆ ಬೆರಳಿನ ತುದಿಗಳಿಗೆ ಬಿಸಿ ಯಾವುದು, ಬೆಚ್ಚಗೆ ಯಾವುದು ಎಂದು ತಿಳಿಯುವುದು ಯಾವತ್ತೋ ನಿಂತುಹೋಗಿತ್ತು. ನಾನು ಹೇಳಿದ್ದನ್ನು ಅವಳು ಅಕ್ಷರ ತಪ್ಪದೆ ಪಾಲಿಸಿದ್ದಳು. ಉಗುರಿನಿಂದಲೇ ನೋಡಿದ್ದಳು.

ಅರ್ಥವಾದರೆ ಸಿಟ್ಟು ಇಳಿಯಬೇಕು. ನನಗೆ ಏರಿತು. “ಐದು ತಿಂಗಳು ನೀನು ಮದ್ದನ್ನು ಬೇಯಿಸಿ ಕೊಟ್ಟಿದ್ದೀ! ಒಂದು ಜೀವ ಉಳಿದಿರ್ಲಿಕ್ಕಿಲ್ಲ ಅದ್ರಲ್ಲಿ. ಪೆಟ್ಟಿಗೆ ತೊಳೆದು ಮೆರವಣಿಗೆ ಮಾಡಿದ್ದು ಸಾಕಾಗಿತ್ತು, ಸ್ವಲ್ಪ ಬಾಯಿಗೆ ಹಾಕಿ ನೋಡ್ಲಿಕ್ಕೆ ಎಂತ ಆಗಿತ್ತು ನಿನಗೆ? ನಿನ್ನ ಕೈ ಸತ್ತಿದೆ ಅಂತ ನಿನಗೇ ಗೊತ್ತಿಲ್ವಾ?”

ಇನ್ನೂ ಏನೇನೋ ಅಂದೆ. ಎಲ್ಲವನ್ನೂ ಬರೆಯಲು ನಾಚಿಕೆಯಾಗುತ್ತದೆ. ಮಾರ್ಕೆಟ್ಟಿನಲ್ಲಿ ಚೌಕಾಸಿಗೆ ಬಂದವರ ನೀರಿಳಿಸುವ ಹೆಂಗಸು, ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡಳು. ಆಮೇಲೆ ಬುಟ್ಟಿ ಎತ್ತಿಕೊಂಡು ಹೊರಟುಹೋದಳು. ಧನ್ವಿ ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು.

ಆಮೇಲೆ ಧನ್ವಿಯನ್ನು ಅತ್ತಾವರಕ್ಕೆ ಕರೆದುಕೊಂಡು ಹೋದೆ. ಡಾಕ್ಟರ್ ಸುಹೈಲಾ ನನ್ನ ವರದಿಯನ್ನು ತಾಳ್ಮೆಯಿಂದ ಕೇಳಿದರು. “ಸತ್ತ ಪುಡಿಯಿಂದ ಕೆಟ್ಟದ್ದು ಆಗುದಿಲ್ಲ ದೀಕ್ಷಿತಾ. ಸಿಗಬಹುದಾಗಿದ್ದ ಸಹಾಯ ಸಿಗ್ಲಿಲ್ಲ, ಅಷ್ಟೇ. ಸರಿಯಾಗಿ ಕೊಟ್ಟಿದ್ರೂ ಈ ಸಲ ಕೆರಳ್ತಿತ್ತೋ ಎಂತದೋ, ಅದು ನನಗೂ ಗೊತ್ತಿಲ್ಲ. ಅಮ್ಮನನ್ನು ಬೈಬೇಡಿ.”

“ಬೈದಾಯ್ತು ಡಾಕ್ಟ್ರೇ.”

ಅವರು ಮಾತ್ರೆಯ ಪ್ರಮಾಣ ಹೆಚ್ಚಿಸಿ, ಸ್ವಲ್ಪ ದಿನಕ್ಕೆಂದು ಸ್ಟೀರಾಯ್ಡ್ ಬರೆದರು. ಆಮೇಲೆ ಧನ್ವಿಯ ಕಡೆ ಬಗ್ಗಿ, “ಬಾಯಿ ಸುಡ್ತಿರ್ಲಿಲ್ವಾ ಮಗಾ? ಅಜ್ಜಿಗೆ ಹೇಳ್ಬಹುದಿತ್ತಲ್ಲ?” ಎಂದರು. ಧನ್ವಿ ತನ್ನ ಚಪ್ಪಲಿಯನ್ನು ನೋಡುತ್ತಿದ್ದಳು.

ಅದೇ ದಿನ ಮಧ್ಯಾಹ್ನ, ಅಮ್ಮ ಇನ್ನೂ ಬಿಜೈಯಿಂದ ಬಂದಿರಲಿಲ್ಲ. ಜಗಲಿಯಲ್ಲಿ ಚಾಪೆ ಹಾಸಿ ಧನ್ವಿಯ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿಸಿದ್ದೆ. ಸೇತುವೆಯ ಮೇಲೆ ಲಾರಿಗಳು ಹೋಗುವ ಸದ್ದು ಬರುತ್ತಿತ್ತು. ನಿದ್ದೆ ಬಂತೆಂದುಕೊಂಡೆ. ಅವಳು ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

“ಮಮ್ಮಿ, ಅಜ್ಜಿಯದ್ದು ತಪ್ಪಲ್ಲ.”

“ಗೊತ್ತುಂಟು ಬಂಗಾರ. ನಾನು ಅಜ್ಜಿಯ ಹತ್ರ ಮಾತಾಡ್ತೇನೆ.”

“ಪ್ಯಾಕೆಟ್ಟಿನ ಹಿಂದೆ ಇಂಗ್ಲಿಷಲ್ಲಿ ಬರೆದಿತ್ತು, ಬಿಸಿಯಲ್ಲಿ ಹಾಕಬಾರದು ಅಂತ. ಅಜ್ಜಿಗೆ ಇಂಗ್ಲಿಷ್ ಬರುದಿಲ್ಲ.” ಚಾಪೆಯ ಅಂಚಿನ ಎಳೆಯೊಂದನ್ನು ಕಿತ್ತಳು. “ನಾನು ಓದಿದ್ದೆ. ಮೊದಲ ದಿನವೇ.”

ನನ್ನ ಕೈ ಅವಳ ಹೊಟ್ಟೆಯ ಮೇಲೆ ಹಾಗೇ ನಿಂತಿತು.

“ಮತ್ತೆ ಯಾಕೆ ಹೇಳ್ಲಿಲ್ಲ ಮಗಾ?”

“ಹುಷಾರಿದ್ರೆ ನೀನು ಬರುದಿಲ್ಲಲ್ಲ.”

ಕೋಪದಿಂದ ಹೇಳಲಿಲ್ಲ, ಅಳುತ್ತಾ ಹೇಳಲಿಲ್ಲ. ಮಳೆ ಬಂದರೆ ಶಾಲೆಗೆ ರಜೆ ಎಂದು ಹೇಳುವ ಹಾಗೆ ಹೇಳಿದಳು. ಎರಡು ವರ್ಷದಲ್ಲಿ ನಾನು ಹುಷಾರಿದ್ದ ಮಗಳನ್ನು ಒಂದು ದಿನವಾದರೂ ಕಣ್ಣಾರೆ ಕಂಡಿರಲಿಲ್ಲ. ಅವಳೂ ಸುಮ್ಮನೆ ಬಂದ ಅಮ್ಮನನ್ನು ಕಂಡಿರಲಿಲ್ಲ. ನಾನು ರಕ್ತದ ಹಿಂದೆಯೇ ಬರುವವಳು ಎಂದು ಅವಳು ಕಲಿತಿದ್ದಳು. ಕಲಿಸಿದವಳು ನಾನು. ಅವಳನ್ನು ಎಳೆದು ಎದೆಗೆ ಒತ್ತಿಕೊಂಡೆ, ಅವಳು ನನ್ನ ಅಂಗಿಯನ್ನು ಮೂಸಿದಳು.

“ಅಜ್ಜಿಗೆ ಹೇಳ್ಬೇಡ ಮಮ್ಮಿ.”

ಸಂಜೆ ಅಮ್ಮ ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ಹತ್ತಿರ ಹೋಗಿ ನಿಂತೆ. ತಪ್ಪಾಯಿತು ಎನ್ನುವುದು ನನಗೆ ಸುಲಭದಲ್ಲಿ ಬರುವ ಮಾತಲ್ಲ, ಆದರೂ ಹೇಳಿದೆ.

ಅಮ್ಮ ತಲೆ ಎತ್ತಲಿಲ್ಲ. “ಅವಳು ಹೇಳಿದಳಾ?”

“ಎಂತ?”

“ನನಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ ಮಾರಾಯ್ತಿ. ಅವಳಿಗೆ ಬರ್ತದೆ ಅಂತ ಗೊತ್ತಿರುವಷ್ಟು ಬುದ್ಧಿ ಉಂಟು. ನೀನು ಬೊಬ್ಬೆ ಹೊಡೆಯುವಾಗ ಅವಳ ಮುಖ ನೋಡಿದೆ, ಗೊತ್ತಾಯ್ತು.” ಬುಟ್ಟಿ ಮಗುಚಿ ನೀರು ಬಸಿದಳು. “ಮಗುವಿನ ಮೇಲೆ ಬರುದಕ್ಕಿಂತ ನನ್ನ ಮೇಲೆ ಬರ್ಲಿ ಅಂತ ಸುಮ್ಮನಿದ್ದೆ. ನಿನ್ನ ಬಾಯಿ ನನಗೆ ಹೊಸತಾ?”

ಆಮೇಲೆ ಕೇಳಿದಳು, “ಬೆರಳಲ್ಲಿ ಗೊತ್ತಾಗದಿದ್ರೆ ಎಲ್ಲಿ ನೋಡುದು ಹಾಗಾದ್ರೆ?”

ಅವಳ ಕೈ ಮಗುಚಿ, ಮಣಿಕಟ್ಟಿನ ಒಳಭಾಗದಲ್ಲಿ ಒಂದು ತೊಟ್ಟು ನೀರು ಬಿಟ್ಟು ತೋರಿಸಿದೆ. ಅಲ್ಲಿ ಚರ್ಮ ಇನ್ನೂ ಮೆತ್ತಗಿತ್ತು. ಆದರೂ ತೆಳಿ ಬೇಡ, ಆರಿದ ನೀರಿನಲ್ಲೇ ಕೊಡು ಎಂದೆ. ಅಮ್ಮ ಆಯಿತು ಎಂದಳು.

ನನ್ನ ರಜೆಯಲ್ಲಿ ಇನ್ನೂ ಹನ್ನೆರಡು ದಿನ ಉಳಿದಿತ್ತು. ಧನ್ವಿಯ ರಕ್ತ ಕಡಿಮೆಯಾಗುತ್ತಾ ಬಂದಾಗ ನಾನು ದೊಡ್ಡ ಉಪಾಯವೊಂದನ್ನು ಮಾಡಿದೆ. ಆ ಹನ್ನೆರಡು ದಿನವನ್ನು ಉಳಿಸಿಕೊಂಡು ವಾಪಸ್ಸು ಹೋಗುತ್ತೇನೆ, ಮೂವತ್ತು ದಿನ ಸಾಲಾಗಿ ರಕ್ತವಿಲ್ಲದೆ ಕಳೆದರೆ ಮೂವತ್ತೊಂದನೇ ದಿನ ಟಿಕೆಟ್ ತೆಗೆಯುತ್ತೇನೆ ಎಂದು ಧನ್ವಿಗೆ ಮಾತು ಕೊಟ್ಟೆ. ಇನ್ನು ಮೇಲೆ ಹುಷಾರಾದರೆ ಅಮ್ಮ ಬರುತ್ತಾಳೆ. ಯತಿನ್ ಬೋಟಿನಿಂದ ಇಳಿದು ಬಂದವನು ಕೇಳಿ, ಒಳ್ಳೆಯದೇ ಎಂದ. ಅಮ್ಮ ಮಾತ್ರ, “ಮಗುವಿನ ಹತ್ರ ಪಂಥ ಕಟ್ಟುದಾ?” ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ವಿಮಾನ ನಿಲ್ದಾಣದಲ್ಲಿ ಧನ್ವಿ ಅಳಲಿಲ್ಲ. ಗಾಜಿನ ಆಚೆಯಿಂದ ಮೂರು ಬೆರಳು ತೋರಿಸಿ, ಆಮೇಲೆ ಸೊನ್ನೆ ಮಾಡಿ ತೋರಿಸಿದಳು.

ಮಸ್ಕತ್ತಿನಲ್ಲಿ ನನ್ನ ಕೋಣೆಯ ಕಿಟಕಿಗೆ ಒಂದು ಗೋಡೆ ಮಾತ್ರ ಕಾಣುತ್ತದೆ. ಆ ಗೋಡೆಯನ್ನು ನೋಡುತ್ತಾ ದಿನಾ ಸಂಜೆಯ ಫೋನಿಗೆ ಕಾಯುತ್ತಿದ್ದೆ. ವಾರ್ಡಿನಲ್ಲಿ ಅವಳ ವಯಸ್ಸಿನ ಮಕ್ಕಳಿಗೆ ಸೂಜಿ ಚುಚ್ಚುವಾಗ ಅವರ ತಾಯಂದಿರು ತಲೆ ಹಿಡಿದುಕೊಂಡು ನಿಲ್ಲುತ್ತಾರಲ್ಲ, ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಿಜವಾಗಿಯೂ ಹೊಟ್ಟೆಕಿಚ್ಚು.

ಜನವರಿ ಬಂತು, ರಕ್ತ ನಿಂತ ದಿನದಿಂದ ಎಣಿಕೆ ನಡೆದಿತ್ತು. “ಮಮ್ಮಿ, ಇವತ್ತು ಸಹ ಇಲ್ಲ. ಹತ್ತೊಂಬತ್ತು,” ಎನ್ನುತ್ತಿದ್ದಳು ಧನ್ವಿ. ಮರುದಿನ, “ಇಪ್ಪತ್ತು.” ಮೊದಮೊದಲು ಸ್ವರ್ಗಕ್ಕೆ ಮೂರೇ ಗೇಣು. ಆಮೇಲೆ ಗಮನಿಸಿದೆ, ನಾನು ಕೇಳುವ ಮೊದಲೇ ಅವಳು ಹೇಳಿಬಿಡುತ್ತಿದ್ದಳು. ಹೇಳಿದ ಕೂಡಲೇ ಬೇರೆ ಮಾತು ಎತ್ತುತ್ತಿದ್ದಳು. ತುಟಿ ಬಿಳಿಚಿಕೊಂಡಿದೆಯೋ ಬೆಳಕು ಹಾಗಿದೆಯೋ ಫೋನಿನಲ್ಲಿ ಗೊತ್ತಾಗುತ್ತಿರಲಿಲ್ಲ.

ಇಪ್ಪತ್ತನಾಲ್ಕನೇ ದಿನ ಅಮ್ಮನಿಗೆ ಬೇರೆಯಾಗಿ ಫೋನ್ ಮಾಡಿದೆ. “ನೀನು ನೋಡ್ತಿದ್ದೀಯಾ ಅಮ್ಮ? ರಕ್ತ ಇಲ್ವಾ?”

“ಪುಡಿ ಸರಿಯಾಗಿ ಕೊಡ್ತಿದ್ದೇನೆ, ಮಾತ್ರೆ ಸಹ. ಆದ್ರೆ ಕಕ್ಕಸಿನ ಬಾಗಿಲು ಹಾಕಿ ಚಿಲಕ ಇಡ್ತಾಳೆ. ಎರಡು ಬಾಲ್ದಿ ನೀರು ಹಾಕಿಯೇ ಹೊರಗೆ ಬರ್ತಾಳೆ. ನನಗೆ ನೋಡ್ಲಿಕ್ಕೆ ಬಿಡುದಿಲ್ಲ.” ಆಮೇಲೆ ಅಂದಳು, “ನೀನು ಬರುದು ಬೇಕಲ್ಲ ಅವಳಿಗೆ.”

ಫೋನಿಟ್ಟು ಮಂಚದ ಮೇಲೆ ಕುಳಿತೆ. ಮೊದಲು ನನಗಾಗಿ ಕಾಯಿಲೆಯನ್ನು ಕಾಯುತ್ತಿದ್ದವಳು ಈಗ ನನಗಾಗಿ ಕಾಯಿಲೆಯನ್ನು ಮುಚ್ಚಿಡುತ್ತಿರಬಹುದು. ನರ್ಸ್ ಅಂತೆ ನಾನು! ಎರಡು ಸಲವೂ ನಾನು ಬರುವುದನ್ನು ಅವಳ ಹೊಟ್ಟೆಗೆ ಕಟ್ಟಿಹಾಕಿದವಳು ನಾನೇ. ಆ ಸಂಜೆ ಸೂಪರ್ವೈಸರ್ ಹತ್ತಿರ ಹೋಗಿ ಉಳಿದ ಹನ್ನೆರಡು ದಿನವನ್ನೂ ಕೇಳಿದೆ. ತುರ್ತು ಏನು ಎಂದರು. ಏನೂ ಇಲ್ಲ, ಮಗಳನ್ನು ನೋಡಬೇಕು ಎಂದೆ. ಅಷ್ಟು ವರ್ಷದಲ್ಲಿ ಆ ಕಾರಣವನ್ನು ನಾನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಮರುದಿನ ಧನ್ವಿ ಫೋನ್ ಮಾಡಿದಾಗ ಅವಳು ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. “ಬಂಗಾರ, ಟಿಕೆಟ್ ಆಯ್ತು. ಫೆಬ್ರವರಿ ಎಂಟಕ್ಕೆ ಬರ್ತೇನೆ.”

“ಆದ್ರೆ ಇನ್ನೂ ಇಪ್ಪತ್ತೈದೇ ಆದದ್ದು ಮಮ್ಮಿ.”

“ಎಷ್ಟೇ ಆಗಿರ್ಲಿ. ರಕ್ತ ಇದ್ರೂ ಬರ್ತೇನೆ, ಇಲ್ಲದಿದ್ರೂ ಬರ್ತೇನೆ. ಇನ್ನು ಲೆಕ್ಕ ಇಲ್ಲ. ಮೇ ತಿಂಗಳಿಗೂ ರಜೆ ಬರೆದಿಟ್ಟಿದ್ದೇನೆ, ಅದು ಸಹ ಹಾಗೇ.”

“ಪ್ರಾಮಿಸ್ಸಾ?”

“ಪ್ರಾಮಿಸ್.”

ಪರದೆಯಲ್ಲಿ ಅವಳ ಹಣೆ ಮಾತ್ರ ಕಾಣುತ್ತಿತ್ತು. ಹಿಂದೆ ಎಲ್ಲೋ ಅಮ್ಮ ಪಾತ್ರೆ ಇಡುವ ಸದ್ದು ಕೇಳಿತು. ಧನ್ವಿ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದು, ಫೋನನ್ನು ಬಾಯಿಯ ಹತ್ತಿರಕ್ಕೆ ತಂದಳು.

“ಮಮ್ಮಿ,” ಎಂದಳು. “ನಿನ್ನೆ ಸ್ವಲ್ಪ ಇತ್ತು. ಮೊನ್ನೆ ಸಹ ಇತ್ತು.”